ವಿಮಾನ ಹತ್ತಿದ ಮಣೆ

ವಿಮಾನದಲ್ಲಿ ಒಂದು ಮಣೆಯನ್ನು ಒಯ್ಯುವುದು ಕಷ್ಟವೆಂದು ಯಾರಾದರೂ ಹೇಳಿದ್ದರೆ ನಾನು ಖಂಡಿತ ನಂಬುತ್ತಿರಲಿಲ್ಲ. ಒಂದು ಹಲಗೆ! ಅದಕ್ಕೆ ಕೈಯಿಲ್ಲ, ಕಾಲಿಲ್ಲ, ಬಾಯಂತೂ ಇಲ್ಲವೇ ಇಲ್ಲ. ಅಂಥದ್ದನ್ನು ಬಜಪೆಯಲ್ಲಿ ಹತ್ತಿಸಿ ಬೊಂಬಾಯಿಯಲ್ಲಿ ಇಳಿಸುವುದು ಯಾವ ಮಹಾ ಕೆಲಸ?

ಬೊಂಬಾಯಿಯಲ್ಲಿ ನೆಲೆಸಿದ್ದ ಅಕ್ಕನ ಮಗಳು ಶಶಿಕಲಾಳ ಮದುವೆ ಅಲ್ಲೇ ಗೊತ್ತಾಗಿತ್ತು. ನಮ್ಮ ಕುಟುಂಬದ ಹೆಣ್ಣುಮಕ್ಕಳೆಲ್ಲ ಮದುವೆಯ ದಿನ ಕೂರುವುದು ಒಂದೇ ಮಣೆಯ ಮೇಲೆ. ಅಜ್ಜಿ ಕೂತದ್ದು ಅದರ ಮೇಲೆ, ಅಮ್ಮ ಕೂತದ್ದು ಅದರ ಮೇಲೆ, ಅಕ್ಕ ಕೂತದ್ದೂ ಅದರ ಮೇಲೆ. ಅದನ್ನು ತಂದುಕೊಡುವ ಹಕ್ಕು ಸೋದರಮಾವನದು, ಅಂದರೆ ನನ್ನದು. ನನ್ನ ಹೆಂಡತಿ ಸರೋಜಿನಿ ಮಕ್ಕಳನ್ನು ಕರೆದುಕೊಂಡು ಮೊದಲೇ ಹೋಗಿದ್ದಳು. ಹೊರಡುವ ಗಡಿಬಿಡಿಯಲ್ಲಿ ಮಣೆ ಕದ್ರಿಯ ನಮ್ಮ ಮನೆಯಲ್ಲೇ ಉಳಿದುಬಿಟ್ಟಿತು. ಮದುವೆ ಹತ್ತಿರ ಬಂದಾಗ ನನ್ನ ಆಫೀಸಿಗೆ ಟ್ರಂಕ್ ಕಾಲ್ ಬಂತು. ಆ ಕಡೆ ಅಕ್ಕ ಅಳುತ್ತಿದ್ದಳು.

“ಊರು ಬಿಟ್ಟು ಮದುವೆ ಮಾಡ್ತಾ ಇದ್ದೇವೆ ತಮ್ಮ. ಇಲ್ಲಿ ನಮ್ಮದು ಅಂತ ಎಂತದೂ ಇಲ್ಲ. ಮಣೆಯಾದರೂ ನಮ್ಮದು ಬೇಡವಾ?”

“ಅಳಬೇಡ ಅಕ್ಕ. ನಾನು ವಿಮಾನದಲ್ಲಿ ತರ್ತೇನೆ!”

ಬಸ್ಸನ್ನು ನಂಬಿದರೆ ಮದುವೆ ತಪ್ಪಿ ಮಗುವಿನ ನಾಮಕರಣಕ್ಕೆ ಮುಟ್ಟುವ ಭಯವಿತ್ತು, ನಿಜ. ಆದರೆ ವಿಮಾನ ಹತ್ತುವ ಆಸೆ ಅದಕ್ಕಿಂತ ದೊಡ್ಡದಿತ್ತು, ಅದೂ ನಿಜ. ನಮ್ಮ ಓಣಿಯಲ್ಲಿ ಅಲ್ಲಿಯವರೆಗೆ ಆಕಾಶಕ್ಕೆ ಹೋದದ್ದು ಗಾಳಿಪಟ ಮಾತ್ರ!

ಅಷ್ಟರಲ್ಲಿ ಸರೋಜಿನಿ ಫೋನ್ ತೆಗೆದುಕೊಂಡಳು. “ನನ್ನ ಕಂಚಿ ಸೀರೆಯೂ ತನ್ನಿ. ಮದುವೆಗೆ ಉಡ್ಲಿಕ್ಕೆ ಅದೇ ಬೇಕು. ಮತ್ತೆ ಮಣೆ ಯಾವುದು ಅಂತ ಗೊತ್ತುಂಟಲ್ಲ? ಅಡಿಗೆ ಕೋಣೆಯಲ್ಲಿ...”

“ನನ್ನ ಅಜ್ಜಿಯ ಮಣೆ ಯಾವುದು ಅಂತ ನೀನು ನನಗೆ ಹೇಳಿಕೊಡ್ಲಿಕ್ಕುಂಟಾ?” ಎಂದು ಫೋನ್ ಇಟ್ಟೆ. ಅದೇ ನಾನು ಮಾಡಿದ ಮೊದಲ ಘನಕಾರ್ಯ.

ಅಡಿಗೆ ಕೋಣೆಯಲ್ಲಿ ಎರಡು ಮಣೆಗಳಿದ್ದವು. ಒಂದು ನಾನು ದಿನಾ ಊಟಕ್ಕೆ ಕೂರುವ ಮಣೆ. ಸವೆದು ಬಣ್ಣಗೆಟ್ಟ ಆ ಬಡಪಾಯಿಯನ್ನು ನಾನು ತಿರುಗಿಯೂ ನೋಡಲಿಲ್ಲ. ಇನ್ನೊಂದು ಹಿಂಬಾಗಿಲ ಮೂಲೆಯಲ್ಲಿತ್ತು. ಗಂಡಸಾದ ನಾನು ಆ ಮೂಲೆಯವರೆಗೆ ಹೋದದ್ದು ಅದೇ ಮೊದಲು. ಆಹಾ, ಎಂಥ ಮಣೆ! ದಪ್ಪ ಹಲಸಿನ ಹಲಗೆ, ತಲೆಮಾರುಗಳ ಎಣ್ಣೆ ಕುಡಿದು ಕಪ್ಪಗೆ ಮಿರಮಿರನೆ ಮಿಂಚುತ್ತಿತ್ತು. ಮೇಲೆಲ್ಲ ಅಡ್ಡಡ್ಡ ಗೆರೆಗಳು. ಹಿಂದಿನವರ ಕೆತ್ತನೆ ಎಂದುಕೊಂಡು ಭಕ್ತಿಯಿಂದ ಕೈಮುಗಿದೆ. ಇಂಥ ಪವಿತ್ರ ವಸ್ತುವನ್ನು ಗೋಣಿಯಲ್ಲಿ ಕಟ್ಟುವುದುಂಟೇ? ಹೇಗೂ ಕಂಚಿ ಸೀರೆ ಒಯ್ಯಬೇಕಿತ್ತು. ಅದರಲ್ಲೇ ಸುತ್ತಿದೆ. ಒಂದೇ ಕಟ್ಟಿನಲ್ಲಿ ಎರಡು ಕೆಲಸ! ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಬಜಪೆಯಲ್ಲಿ ಲಗೇಜು ತೂಗಿದರು. ಆಮೇಲೆ ನನ್ನನ್ನೂ ತೂಗಿದರು! ವಿಮಾನ ಚಿಕ್ಕದು, ಅದಕ್ಕೆ ಅಕ್ಕಿಮುಡಿಯೂ ಒಂದೇ, ನನ್ನಂಥ ಗುಮಾಸ್ತನೂ ಒಂದೇ. ತಕ್ಕಡಿಯ ಮೇಲೆ ನಾನು ಮಣೆಯನ್ನು ಮಗುವಿನಂತೆ ಎತ್ತಿಕೊಂಡು ನಿಂತೆ.

“ಅದೆಂತ ಸೀರೆಯೊಳಗೆ?” ಎಂದ ಅಲ್ಲಿಯ ಆಫೀಸರ್.

“ಮಣೆ.”

“ಅದನ್ನು ಪೆಟ್ಟಿಗೆಗಳ ಒಟ್ಟಿಗೆ ಹಾಕಿ.”

“ಪೆಟ್ಟಿಗೆಯೊಳಗೆ ಜನರ ಚಪ್ಪಲಿ ಇರ್ತದೆ ಸ್ವಾಮೀ! ಇದು ಮದುಮಗಳು ಕೂರುವ ಮಣೆ. ಮಣೆ ಕೆಳಗೆ ಹೋಗುವುದಾದರೆ ನಾನೂ ಕೆಳಗೇ ಹೋಗ್ತೇನೆ. ಪೆಟ್ಟಿಗೆಗಳ ಮೇಲೆ ಕೂತುಕೊಳ್ತೇನೆ!”

ನನ್ನ ಹಿಂದಿನ ಸಾಲು ಗೊಣಗತೊಡಗಿತು. ಆಫೀಸರ್ ನನ್ನನ್ನೂ ಮಣೆಯನ್ನೂ ಒಮ್ಮೆ ನೋಡಿ, “ಮಡಿಲಲ್ಲಿ ಇಟ್ಟುಕೊಳ್ಳಿ ಮಾರಾಯ್ರೆ, ಒಮ್ಮೆ ಹೋಗಿ” ಎಂದ. ಗೆದ್ದೆ! ವಿಮಾನದ ಕಡೆಗೆ ನಡೆಯುವಾಗ ಎಲ್ಲಿಂದಲೋ ಬಂದ ಒಂದು ಬೆಕ್ಕು ಮಿಯಾಂವ್ ಎನ್ನುತ್ತಾ ಮೆಟ್ಟಿಲವರೆಗೂ ನನ್ನನ್ನು ಬೀಳ್ಕೊಟ್ಟಿತು. ಮೂಕಪ್ರಾಣಿಗೂ ಮಣೆಯ ಮಹಿಮೆ ತಿಳಿಯಿತಲ್ಲ ಎಂದು ನನಗೆ ರೋಮಾಂಚನವಾಯಿತು.

ಪಕ್ಕದ ಸೀಟಿನಲ್ಲಿ ಬಂದರಿನ ವ್ಯಾಪಾರಿ ಮೊಯ್ದಿನ್ ಬ್ಯಾರಿಗಳು. ಅವರ ಕಾಲ ಬಳಿ ಒಂದು ಬುಟ್ಟಿ. ವಿಮಾನ ಗುಡುಗುಡಿಸಿ ಓಡಿ ಮೇಲೆದ್ದಾಗ ನಾನು ಸಂತೋಷದಿಂದ ಹೋ ಎಂದು ಕೂಗಿಯೇಬಿಟ್ಟೆ. ಕೆಳಗೆ ತೆಂಗಿನ ಮರಗಳು, ನದಿ, ಅತ್ತ ಉಳ್ಳಾಲದ ಕಡಲು! ಆದರೆ ಬಿಸಿಲು ಕಿಟಕಿಯಿಂದ ನನ್ನ ಮಡಿಲಿಗೇ ಬಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ವಾಸನೆ ಎದ್ದಿತು. ಮುಂದಿನವರು ಕರವಸ್ತ್ರ ತೆಗೆದರು. ಗಗನಸಖಿ ಮೂಗರಳಿಸಿ ನಮ್ಮ ಸಾಲಿನ ಬಳಿ ಬಂದು ನಿಂತಳು.

ನಾನು ಬ್ಯಾರಿಗಳ ಬುಟ್ಟಿಯತ್ತ ಕಣ್ಣು ಹಾಯಿಸಿ, “ಒಣಮೀನು ತರುವಾಗ ಸರಿಯಾಗಿ ಕಟ್ಟಿ ತರಬೇಕು ಸಾಹೇಬ್ರೆ. ಮಡಿಲಲ್ಲಿ ಮದುವೆಯ ಮಣೆ ಉಂಟು” ಎಂದೆ.

ಅವರಿಗೆ ಸಿಟ್ಟು ಬಂತು. ಬುಟ್ಟಿಯ ಮುಚ್ಚಳ ತೆಗೆದು ತೋರಿಸಿದರು. ಮಗಳಿಗೆಂದು ತಂದ ಹಲ್ವ! “ನಾನು ಬಂದರಿನಲ್ಲಿ ಹುಟ್ಟಿದವ ಮಾರಾಯ್ರೆ. ಇದು ಒಣಮೀನಿನ ವಾಸನೆ ಅಲ್ಲ. ಇದು ಹಸಿ ಬೂತಾಯಿ ಮೀನು. ನಿಮ್ಮ ಕಡೆಯಿಂದಲೇ ಬರ್ತಾ ಉಂಟು!”

“ನಮ್ಮ ಅಜ್ಜಿಯ ಮಣೆಯನ್ನು ಬೂತಾಯಿ ಅಂತೀರಾ?” ಎಂದು ನಾನು ಗುಡುಗಿದೆ. ಬೊಂಬಾಯಿ ಬರುವವರೆಗೆ ಅವರು ಮೂಗು ಮುಚ್ಚಿಕೊಂಡಿದ್ದರು. ನಾನು ತಲೆ ಎತ್ತಿ ಕೂತಿದ್ದೆ.

ಅಕ್ಕನ ಮನೆಯಲ್ಲಿ ನನಗೆ ಭರ್ಜರಿ ಸ್ವಾಗತ. ನೆಂಟರೆಲ್ಲ ಸುತ್ತ ನೆರೆದರು. ನಾನು ಅಪ್ರತಿಮ ಗಾಂಭೀರ್ಯದಿಂದ ಸೀರೆಯ ಮಡಿಕೆ ಬಿಡಿಸಿದೆ.

ಅಕ್ಕ ನೋಡಿದಳು. ಬಗ್ಗಿದಳು. ಮೂಸಿದಳು.

“ಇದು ಮೀನು ಕೊಯ್ಯುವ ಮಣೆಯಲ್ಲವಾ!”

ತಲೆಮಾರುಗಳ ಎಣ್ಣೆ ಎಂದು ನಾನು ಕೈಮುಗಿದದ್ದು ಬೂತಾಯಿಯ ಎಣ್ಣೆಗೆ. ಕೆತ್ತನೆ ಎಂದುಕೊಂಡದ್ದು ಕತ್ತಿಯ ಏಟನ್ನು. ಸರೋಜಿನಿ ಸೀರೆ ಎತ್ತಿಕೊಂಡಳು, ಮೂಗಿನ ಹತ್ತಿರ ತಂದಳು, ಕೈಬಿಟ್ಟಳು.

“ಅಯ್ಯೋ ದೇವರೇ, ನನ್ನ ಸೀರೆ! ಮಣೆ ಯಾವುದು ಅಂತ ಹೇಳ್ಲಿಕ್ಕೆ ಹೊರಟಾಗ ಫೋನ್ ಇಟ್ಟಿರಲ್ಲ!”

“ಹಾಗಾದರೆ ಅಜ್ಜಿಯ ಮಣೆ ಯಾವುದು?” ಎಂದೆ.

“ನೀವು ದಿನಾ ಊಟಕ್ಕೆ ಕೂರುವುದು ಎಂತದರ ಮೇಲೆ?”

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಆದರೆ ಅದು ಮೂರನೇ ಮಹಡಿ. ಬಿರಿದರೂ ಕೆಳಗಿನ ಮನೆಯವರ ಮೇಲೆ ಬೀಳುತ್ತಿದ್ದೆ. ಬೆಳಗಾದರೆ ಮದುವೆ. ಅಕ್ಕ ಮುಖ ಮುಚ್ಚಿಕೊಂಡು ಆ ಮಣೆಯ ಮುಂದೆ ಕೂತುಬಿಟ್ಟಳು. ಅವಳ ಹೆಗಲು ಅಲುಗುತ್ತಿತ್ತು. ನಾನು ಹತ್ತಿರ ಹೋಗಿ, “ಅಕ್ಕ, ತಪ್ಪಾಯಿತು” ಎಂದೆ. ಅವಳು ಕೈ ತೆಗೆದಳು. ಕಣ್ಣಲ್ಲಿ ನೀರಿತ್ತು, ಆದರೆ ಅವಳು ನಗುತ್ತಿದ್ದಳು!

“ಇದರ ಮೇಲೆಯೇ ಅಲ್ಲವಾ ಅಜ್ಜಿ ಮೀನು ಕೊಯ್ಯುತ್ತಾ ಇದ್ದದ್ದು? ಬಾಲದ ತುಂಡು ಯಾರಿಗೆ ಅಂತ ನಾವಿಬ್ಬರೂ ಜಗಳ ಮಾಡುತ್ತಾ ಇದ್ದದ್ದು? ಊರಿನ ವಾಸನೆ ಬಾರದೆ ಎಷ್ಟು ಸಮಯ ಆಗಿತ್ತು ತಮ್ಮ. ಇದೂ ನಮ್ಮದೇ ಮಣೆ. ಇದೇ ಸಾಕು.”

“ನಾನು ಇದರ ಮೇಲೆಯೇ ಕೂರುವುದು ಮಾಮ!” ಎಂದಳು ಶಶಿಕಲಾ.

ಅಲ್ಲಿಂದ ಶುರು! ಹುಣಸೆಹುಳಿ, ಬೂದಿ, ಸೀಗೆಪುಡಿ, ಅರಸಿನ. ನೆಂಟರಿಷ್ಟರೆಲ್ಲ ಸರದಿಯಂತೆ ಉಜ್ಜಿದರು. ಹೆಚ್ಚು ಉಜ್ಜಿದವನು ನಾನು. ಮಾರನೆಯ ಬೆಳಗ್ಗೆ ಮಂಟಪದಲ್ಲಿ ಸಾಂಬ್ರಾಣಿಯ ಹೊಗೆಯ ನಡುವೆ ನಮ್ಮ ಶಶಿಕಲಾ ಆ ಮಣೆಯ ಮೇಲೆ ರಾಣಿಯಂತೆ ಕೂತಳು. ಯಾರಿಗೂ ಏನೂ ಗೊತ್ತಾಗಲಿಲ್ಲ. ಬೊಂಬಾಯಿಯ ಒಂದು ಬೆಕ್ಕು ಮಾತ್ರ ತಾಳಿ ಕಟ್ಟುವವರೆಗೂ ಮಂಟಪ ಬಿಟ್ಟು ಕದಲಲಿಲ್ಲ.

ಈಗ ಆ ಮಣೆಗೆ ಬಡ್ತಿ ಸಿಕ್ಕಿದೆ. ಮುಂದಿನ ಮದುವೆಗೂ ಅದೇ ಬೇಕೆಂದು ಅಕ್ಕ ಅಪ್ಪಣೆ ಮಾಡಿದ್ದಾಳೆ. ಹಾಳಾದ ಕಂಚಿ ಸೀರೆಯನ್ನೇ ಸುತ್ತಿಕೊಂಡು ನಮ್ಮ ಅಟ್ಟದ ಮೇಲೆ ಕೂತಿದೆ. ಅಜ್ಜಿಯ ಮಣೆಯ ಮೇಲೆ ಕೂತು ನಾನು ತೆಪ್ಪಗೆ ಉಣ್ಣುತ್ತೇನೆ. ಓಣಿಯ ಹೆಂಗಸರು ಬಂದು, “ನಮ್ಮಲ್ಲಿ ಮೊದಲು ವಿಮಾನದಲ್ಲಿ ಹೋದದ್ದು ನಿಮ್ಮವರೇ ಅಲ್ಲವಾ?” ಎಂದು ಸರೋಜಿನಿಯನ್ನು ಕೇಳಿದಾಗ ನಾನು ಉಣ್ಣುವುದನ್ನು ಬಿಟ್ಟು ಎದೆ ಉಬ್ಬಿಸುತ್ತೇನೆ.

ಸರೋಜಿನಿ ಅಟ್ಟದ ಕಡೆಗೆ ಬೆರಳು ತೋರಿಸುತ್ತಾಳೆ.

“ಹೋದದ್ದು ಮಣೆ. ಇವರು ಅದನ್ನು ಹೊತ್ತುಕೊಳ್ಳಲಿಕ್ಕೆ ಜೊತೆಗೆ ಹೋದದ್ದು.”