ನನ್ನ ತಲೆ, ಶಾರ್ಲಮೇನನ ಕಿರೀಟ

ಪೂರ್ತಿ ಓದಿದವನಿಗೆ ಜಂಬ ಇರುವುದಿಲ್ಲ, ಏನೂ ಓದದವನಿಗೂ ಇರುವುದಿಲ್ಲ. ಇರುವುದೆಲ್ಲ ನಡುವೆ ನಿಂತವನಿಗೆ. ನಾನು ಮ್ಯಾಟ್ರಿಕ್ ಪಾಸಾದವನು. ಬಾಗಲಕೋಟೆಯ ಇಂಗ್ಲಿಷ್ ಶಾಲೆಯಲ್ಲಿ ಇತಿಹಾಸದ ಮಾಸ್ತರನಾಗಿದ್ದ ಆ ಕಾಲದಲ್ಲಿ ನನ್ನ ಜಂಬವನ್ನು ಅಳೆಯಲು ಮೊಳ ಸಾಲದು, ಹರದಾರಿಯೇ ಬೇಕಾಗುತ್ತಿತ್ತು. ಆದರೆ ಇಳಕಲ್ಲಿನಲ್ಲಿ ನಾಲ್ಕು ಮಗ್ಗ ನಡೆಸುತ್ತಿದ್ದ ನನ್ನ ಅಪ್ಪನ ಮುಂದೆ ಅದು ನಡೆಯುತ್ತಿರಲಿಲ್ಲ. “ನೇಯಾಂವ ಸಂಜಿಗೆ ಇಷ್ಟು ನೇಯ್ದೀನಿ ಅಂತ ಅರಿವಿ ತೋರಸ್ತಾನ. ನೀ ಏನು ತೋರಸ್ತಿ?” ಎಂದು ಕೇಳಿಬಿಡುತ್ತಿದ್ದ. ತೋರಿಸಲು ನನ್ನ ಹತ್ತಿರ ಸುಣ್ಣದ ಕಡ್ಡಿಯ ಪುಡಿ ಹತ್ತಿದ ಕೋಟು ಬಿಟ್ಟರೆ ಏನೂ ಇರಲಿಲ್ಲ. ಒಮ್ಮೆಯಾದರೂ ಅಪ್ಪ ನನ್ನ ಶಾಲೆಗೆ ಬಂದು, ನನ್ನ ವಿದ್ಯೆಗೆ ತಲೆದೂಗಬೇಕೆಂಬುದು ನನ್ನ ಬಹುದಿನದ ಆಸೆ.

ಆ ವರ್ಷದ ಬಹುಮಾನ ಸಮಾರಂಭಕ್ಕೆ ಧಾರವಾಡದಿಂದ ಶಾಲೆಗಳ ತಪಾಸಣೆಯ ಡೆಪ್ಯೂಟಿ ಸಾಹೇಬರು ಬರುವವರಿದ್ದರು. ಮಾಸ್ತರರೇ ಸೇರಿ ಒಂದು ನಾಟಕ ಆಡಬೇಕೆಂದು ಠರಾವಾಯಿತು. ಬರೆಯುವ ಕೆಲಸ ನನಗೆ ಬಂತು. ಬೇರೆಯವರಾಗಿದ್ದರೆ ಬಾದಾಮಿಯ ಚಾಲುಕ್ಯರನ್ನು ಹಿಡಿಯುತ್ತಿದ್ದರು. ಆದರೆ ಗುಹೆಗಳು ಅಲ್ಲೇ ಇವೆ, ನೋಡಿ ಬಂದವರು ತಪ್ಪು ಹುಡುಕುತ್ತಾರೆ. ಶಾರ್ಲಮೇನನ ಊರು ನೋಡಿ ಬಂದವರು ಜಿಲ್ಲೆಯಲ್ಲೇ ಇರಲಿಲ್ಲ. ಹನ್ನೊಂದು ನೂರು ವರ್ಷದ ಹಿಂದೆ ಫ್ರಾಂಕರೆಂಬ ಜನಕ್ಕೆ ಅರಸನಾಗಿ, ಕುದುರೆಯ ಬೆನ್ನ ಮೇಲೆಯೇ ಆಯುಷ್ಯ ಕಳೆದು, ಅರ್ಧ ಯುರೋಪನ್ನು ಕಟ್ಟಿ ಆಳಿದವನು ಅವನು. ಬಗ್ದಾದಿನ ಖಲೀಫ ಅವನಿಗೆ ಆನೆ ಕಳಿಸಿದ್ದ. ಹುರಿದ ಮಾಂಸ ಬಿಡು ಎಂದ ವೈದ್ಯರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಊರೂರಿಗೆ ಶಾಲೆ ತೆರೆಸಿದ ಈ ಮಹಾರಾಯನಿಗೇ ಬರೆಯಲು ಬರುತ್ತಿರಲಿಲ್ಲ! ಮುಪ್ಪಿನಲ್ಲಿ ಹಲಗೆಯನ್ನು ದಿಂಬಿನಡಿ ಇಟ್ಟುಕೊಂಡು ಅಕ್ಷರ ತಿದ್ದುತ್ತಿದ್ದನಂತೆ. ಇದನ್ನೆಲ್ಲ ಇಳಕಲ್ಲಿಗೆ ಹೋಗಿ ಅಪ್ಪನಿಗೆ ಹೇಳಿದೆ. ರಾಜಕುಮಾರಿಯರಿಗೂ ನೂಲುವುದನ್ನು ಕಲಿಸಿದ್ದನೆಂದಾಗ ಮಾತ್ರ ಅಪ್ಪ ಲಾಳಿ ನಿಲ್ಲಿಸಿದ. “ಹಂಗಾರ ಮನುಷ್ಯಾ ಛಲೋ ಇದ್ದಾನ. ಬರ್ತೇನಿ ನಡಿ,” ಎಂದ.

ಚಕ್ರವರ್ತಿಯ ಪಾತ್ರವನ್ನು ನಾನೇ ವಹಿಸಿಕೊಂಡೆ. ಗಿಡ್ಡ ಕುತ್ತಿಗೆ, ತುಸು ಮುಂದೆ ಬಂದ ಹೊಟ್ಟೆ, ದೇಹಕ್ಕೆ ಒಪ್ಪದ ಸಣ್ಣ ದನಿ ಎಂದು ಪುಸ್ತಕದಲ್ಲಿ ಅವನನ್ನು ವರ್ಣಿಸಿದ್ದರು. ಇಷ್ಟು ಲಕ್ಷಣಗಳು ಒಬ್ಬನಲ್ಲೇ ಕೂಡಿಬರುವುದು ಅಪರೂಪ. ಅವನಿಗೆ ಕಿರೀಟ ಇಡುವ ಪೋಪರ ಪಾತ್ರಕ್ಕೆ ಒಪ್ಪುವ ಬಿಳಿಗಡ್ಡ ಇದ್ದದ್ದು ನಮ್ಮ ಉರ್ದು ಮಾಸ್ತರ ಖಾದರ್ ಸಾಹೇಬರಿಗೆ. ಪೋಪರೆಂದರೆ ಆ ಜನರ ದೊಡ್ಡ ಗುರುಗಳು ಎಂದೆ. “ಹಂಗಾದ್ರ ಮಾತು ಕಡಿಮಿ, ಆಶೀರ್ವಾದ ಭಾಳ. ಆಗಲಿ ತಗೋರಿ,” ಎಂದು ಒಪ್ಪಿದರು. ಕಂಚಗಾರನು ನನ್ನ ತಲೆಗೆ ದಾರ ಸುತ್ತಿ ಅಳತೆ ತೆಗೆದು ಹಿತ್ತಾಳೆಯ ಕಿರೀಟ ಮಾಡಿದ. ಅದು ಕೈಸೇರಿದ್ದು ನಾಟಕದ ದಿನ ಮುಂಜಾನೆ; ಅಲ್ಲಿಯವರೆಗೆ ತಾಲೀಮೆಲ್ಲ ನನ್ನ ನಿತ್ಯದ ರುಮಾಲಿನಲ್ಲೇ ನಡೆದಿತ್ತು.

ಡೆಪ್ಯೂಟಿ ಸಾಹೇಬರ ರೈಲು ತಡವಾಯಿತು. ಯುದ್ಧಗಳೆಲ್ಲ ಮುಗಿದು, ಬಗ್ದಾದಿನ ಆನೆಯೂ ಬಂದು ಹೋದ ಮೇಲೆ ಅವರು ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಅವರ ಪಕ್ಕದಲ್ಲೇ ಅಪ್ಪ, ಹೊಸ ರುಮಾಲು ಸುತ್ತಿಕೊಂಡು. ಉಳಿದದ್ದು ಪಟ್ಟಾಭಿಷೇಕ ಒಂದೇ. ನಾನು ಮೊಣಕಾಲೂರಿ ಪ್ರಾರ್ಥನೆಗೆ ಕುಳಿತೆ. ಖಾದರ್ ಸಾಹೇಬರು ಹಿಂದಿನಿಂದ ಕಿರೀಟ ಹಿಡಿದು ಬಂದರು. ನಾನು ನನ್ನ ರುಮಾಲು ತೆಗೆದು ಬದಿಗಿಟ್ಟು ತಲೆ ಬಗ್ಗಿಸಿದೆ.

“ಏ ತಮ್ಮಾ!” ಅಪ್ಪ ಎದ್ದು ನಿಂತಿದ್ದ. “ನಾ ಇನ್ನೂ ಜೀವಂತ ಅದೇನಿ! ನಾಕು ಮಂದಿ ಮುಂದ ಬರೇ ತಲಿಲೆ ಕುಂತೀಯಲ್ಲ, ಯಾರು ಸತ್ತಾರಲೇ?”

ಅಪ್ಪ ತೀರಿಕೊಂಡಾಗ ಮಗ ರುಮಾಲು ತೆಗೆಯಬೇಕು. ಅದು ನಮ್ಮ ಕಡೆಯ ಪದ್ಧತಿ. ಯುರೋಪಿನ ಪದ್ಧತಿಯನ್ನೆಲ್ಲ ಓದಿದ ನನಗೆ ಅದೊಂದೇ ನೆನಪಾಗಿರಲಿಲ್ಲ. ಸಭೆಯಲ್ಲಿ ಗುಜುಗುಜು ಎದ್ದಿತು. ನನಗೆ ನಾಚಿಕೆಯಿಂದ ಜೀವ ಹಿಡಿಯಾಯಿತು. ಖಾದರ್ ಸಾಹೇಬರು ಮಾತ್ರ ಪೋಪರ ಗಾಂಭೀರ್ಯ ಬಿಡದೆ, “ಕಾಕಾ, ನೀವ ಮ್ಯಾಲೆ ಬರ್ರಿ. ನಿಮ್ಮ ಕೈಲೆನ ಆಗಲಿ,” ಎಂದರು. ಅಪ್ಪ ಚಪ್ಪಲಿ ಕಳಚಿ ಮೇಲೆ ಬಂದ. ನನ್ನ ತಲೆಗೆ ತಾನೇ ರುಮಾಲು ಸುತ್ತಿದ. ಮಗ್ಗದ ಮುಂದೆ ಸವೆದ ಬೆರಳು, ಒಂದು ಮಡಿಕೆಯೂ ಸಡಿಲಾಗಲಿಲ್ಲ. ಬರಿತಲೆಯ ಅಳತೆಗೆ ಮಾಡಿದ ಕಿರೀಟ ಈಗ ಇಳಿಯಲಿಲ್ಲ, ಕೊಡದ ಮೇಲೆ ಇಟ್ಟ ಚರಿಗೆಯಂತೆ ಮೇಲೇ ಅಲುಗಾಡಿತು. ಅಪ್ಪ ಅದನ್ನು ಒಂದು ಕೈಯಿಂದ ಒತ್ತಿ ಹಿಡಿದು ಸಭೆಯತ್ತ ತಿರುಗಿದ. “ಇವ ನನ್ನ ಮಗಾ. ಶ್ಯಾಣ್ಯಾ ಅದಾನ. ಇವ ಹೇಳಿದಂಗ ಕೇಳ್ರಿ,” ಎಂದ. ಚಪ್ಪಾಳೆ ಬಿತ್ತು. ಬರೆದುಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು; ಚಕ್ರವರ್ತಿ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡ.

ಕೊನೆಗೆ ಡೆಪ್ಯೂಟಿ ಸಾಹೇಬರು ಭಾಷಣಕ್ಕೆ ಎದ್ದರು. “ಪೋಪರು ಕಿರೀಟ ಇಟ್ಟದ್ದು ಎಲ್ಲಾರಿಗೂ ಗೊತ್ತೈತ್ರಿ. ಮುಪ್ಪಿನ ಕಾಲಕ್ಕ ಶಾರ್ಲಮೇನ ತಾನ ನಿಂತು ಮಗಗ ಪಟ್ಟ ಕಟ್ಟಿಸಿದ್ದು ಭಾಳ ಮಂದಿಗೆ ಗೊತ್ತಿಲ್ಲ. ಅದನ್ನ ಆರಿಸಿ ಆಡಿದ್ರಿ, ಶಾಭಾಸ್! ಮಂದಿಯೊಳಗಿಂದ ಎದ್ದು ಬಂದು ಶಾರ್ಲಮೇನನ ಪಾತ್ರಾ ಮಾಡಿದ ಹಿರ್ಯಾರು, ಆಹಾ, ಏನು ದರ್ಪ! ಮಗನ ಪಾತ್ರದವರೂ ಅಡ್ಡಿಯಿಲ್ಲ. ಅಪ್ಪ ಗಳಿಸಿದ್ದು ಆ ಮಗನ ಕೈಯಾಗ ನೆಟ್ಟಗ ಉಳೀಲಿಲ್ಲ ನೋಡ್ರಿ, ಆ ಕಳಾ ಮಾರಿಮ್ಯಾಲೆ ಹಂಗ ಇತ್ತು!”

ಎದ್ದು ನಿಂತು ನಿಜ ಹೇಳಬಹುದಿತ್ತು. ಅಪ್ಪ ಮೀಸೆ ತಿರುವಿಕೊಳ್ಳುತ್ತಿದ್ದುದನ್ನು ನೋಡಿ ಸುಮ್ಮನೆ ಕೈಮುಗಿದೆ. ಇಂದಿಗೂ ಆ ನಾಟಕದ ಮಾತು ಬಂದರೆ, ನಾನು ಚಕ್ರವರ್ತಿಯಾಗಿದ್ದೆ ಎಂದು ಹೇಳಿಕೊಳ್ಳುವುದಿಲ್ಲ. ಚಕ್ರವರ್ತಿಯ ಮಗನಾಗಿದ್ದೆ ಎನ್ನುತ್ತೇನೆ. ಎದೆಯುಬ್ಬಿಸಿಯೇ ಎನ್ನುತ್ತೇನೆ, ನನಗೆ ತಾಲೀಮಿಲ್ಲದೆ ಬಂದ ಪಾತ್ರ ಅದೊಂದೇ.