ಡೆಲ್ಫಿಯಲ್ಲಿ ನಡುಗದ ಮೇಕೆ

ಕಳೆದ ಜೂನ್ ಹನ್ನೊಂದರಂದು ಬೆಳಗ್ಗೆ ಹತ್ತೂಕಾಲರ ಸುಮಾರಿಗೆ, ಗ್ರೀಸಿನ ಡೆಲ್ಫಿಯಲ್ಲಿ, ಅಪೋಲೋ ದೇವಸ್ಥಾನದ ಮುರುಕು ಕಂಬಗಳ ಮುಂದೆ, ನಮ್ಮ ಖಾಸಗಿ ಗೈಡ್ ಕತೆ ಹೇಳುವುದನ್ನು ನಿಲ್ಲಿಸಿದರು. ಕಾರಣ ನಾನು. ಇದು ಆರೋಪವಲ್ಲ, ಒಪ್ಪಿಕೊಂಡ ಸಂಗತಿ. ಸಾಕ್ಷಿ ನನ್ನ ಹೆಂಡತಿ ವಸಂತಿ. ಅಮೆರಿಕದ ಪಾರ್ಸಿಪನಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆಕೆ ಇದನ್ನು ದಿನಕ್ಕೊಮ್ಮೆಯಾದರೂ ದೃಢಪಡಿಸುತ್ತಾಳೆ.

ನಾನು ಬೆಂಗಳೂರಿನ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಬಹಳ ವರ್ಷ ಇದ್ದವನು. ಈಗ ದಿನಾ ಮ್ಯಾನ್‌ಹಟನ್ನಿಗೆ ಬಸ್ಸಿನಲ್ಲಿ ಕಮ್ಯೂಟ್ ಮಾಡಿ, ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವ ಕೆಲಸ ಮಾಡುತ್ತೇನೆ. ಬೆಂಗಳೂರಿನ ನಮ್ಮ ಮುಖ್ಯ ಉಪಸಂಪಾದಕರಿಗೆ ‘ಎನ್ನಲಾಗಿದೆ’ ಎಂಬ ಪದ ಕಂಡರೆ ಆಗುತ್ತಿರಲಿಲ್ಲ. “ಯಾರಯ್ಯಾ ಅಂದಿದ್ದು? ಅವನಿಗೆ ಹೆಸರಿಲ್ವಾ?” ಎಂದು ಕಾಪಿಯನ್ನು ವಾಪಸ್ ಎಸೆಯುತ್ತಿದ್ದರು. ನಾನು ನೋಡಿ ಅಚ್ಚಿಗೆ ಬಿಟ್ಟ ಸುದ್ದಿಗೆ ಮರುದಿನ ತಿದ್ದುಪಡಿ ಹಾಕಬೇಕಾಗಿ ಬಂದದ್ದು ಎರಡೇ ಸಲ; ಎರಡೂ ಸಲ ಮಧ್ಯಾಹ್ನದ ಊಟ ಸೇರಿರಲಿಲ್ಲ. ಈ ಅಭ್ಯಾಸ ಸುದ್ದಿಮನೆಯಲ್ಲಿ ಉಳಿದಿದ್ದರೆ ಚೆನ್ನಾಗಿತ್ತು. ಮದುವೆಯಾದ ಹೊಸದರಲ್ಲಿ ಅತ್ತೆಯವರು “ಈ ವರ್ಷ ಮಾವಿನಕಾಯಿ ಕಡಿಮೆಯಂತೆ” ಎಂದಾಗ, “ಯಾರು ಹೇಳಿದ್ದು?” ಎಂದು ಕೇಳಿಬಿಟ್ಟೆ. ಆಮೇಲೆ ಅವರು “ಊಟಕ್ಕೆ ಏಳಿ” ಎನ್ನುವುದರ ಹೊರತು ನನಗೆ ಬೇರೇನನ್ನೂ ತಿಳಿಸಿದ್ದು ನೆನಪಿಲ್ಲ.

ವಸಂತಿಯದು ಬೇರೆ ಚರಿತ್ರೆ. ಮೈಸೂರಿನ ಅವರ ಮನೆಯವರು ಬೇಲೂರಿಗೆ ಹೋದರೂ ಹಂಪಿಗೆ ಹೋದರೂ ಗೈಡ್ ಮಾಡಿಕೊಂಡವರಲ್ಲ. ಬೇರೆಯವರ ಗೈಡಿನ ಹತ್ತಿರ, ಎತ್ತಲೋ ನೋಡುತ್ತಾ, ಕಿವಿಯೊಂದನ್ನು ಮಾತ್ರ ಅತ್ತ ಕೊಟ್ಟು ನಿಲ್ಲುವುದು ಮನೆತನದ ಪದ್ಧತಿ. ಮದುವೆಯಾದ ಮೇಲೆ ನಾವೂ ಅದನ್ನು ಕೈಬಿಡಲಿಲ್ಲ. ಇದರಲ್ಲಿ ಒಂದೇ ತೊಂದರೆ. ಗೈಡನ್ನು ಗೊತ್ತುಮಾಡಿಕೊಂಡ ಗುಂಪು ಕತೆಯ ನಡುವೆಯೇ ಮುಂದಿನ ಕಂಬಕ್ಕೆ ಹೋಗಿಬಿಡುತ್ತದೆ. ಹಿಂದೆಯೇ ಹೋದರೆ ಸಿಕ್ಕಿಬೀಳುತ್ತೇವೆ. ಹೀಗಾಗಿ ಆಕೆಯ ಬಳಿ ಚಿಕ್ಕಂದಿನಿಂದ ಕೂಡಿಬಂದ ಅರ್ಧರ್ಧ ಕತೆಗಳಿವೆ. “ಒಂದ್ಸಲ, ಒಂದೇ ಒಂದ್ಸಲ, ಯಾರಾದ್ರೂ ನನಗೇ ಅಂತ ಪೂರ್ತಿ ಕತೆ ಹೇಳ್ಬೇಕು ಕಣ್ರೀ” ಎನ್ನುತ್ತಿದ್ದಳು. ಅದಕ್ಕೇ ಈ ಖಾಸಗಿ ಗೈಡ್. ನೆವಾರ್ಕ್ ಏರ್‌ಪೋರ್ಟಿನಲ್ಲಿ ಬೆಲ್ಟು, ಬೂಟು ಬಿಚ್ಚಿ ಟ್ರೇಗೆ ಹಾಕುತ್ತಿದ್ದ ನನ್ನಿಂದ ಮಾತು ತೆಗೆದುಕೊಂಡಳು. “ಅಲ್ಲಿ ನೀವು ಬಾಯಿ ತೆಗೀಬಾರದು.” ತೆಗೆಯುವುದಿಲ್ಲ ಎಂದೆ.

ಗೈಡ್ ಹೆಸರು ಎಲೆನಿ. ಬಿಳಿ ಟೊಪ್ಪಿ, ಒಳ್ಳೆಯ ಕಂಠ. ಈ ಗುಡಿಯಲ್ಲಿ ಒಬ್ಬ ಪೂಜಾರಿಣಿ ಕೂತು, ಪ್ರಶ್ನೆ ಹೊತ್ತು ಬಂದವರಿಗೆ ದೇವರ ಉತ್ತರ ಹೇಳುತ್ತಿದ್ದಳು ಎಂದು ಶುರು ಮಾಡಿದರು. ವಸಂತಿ ನಮ್ಮ ಹೂಪ್ರಸಾದದ ವಿಷಯ ಹೇಳಿದಳು: ದೇವರ ಬಲಗಡೆಯ ಹೂ ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಎಲೆನಿಗೆ ಅದು ಬಹಳ ಹಿಡಿಸಿತು. ಇಬ್ಬರೂ ಅಕ್ಕತಂಗಿಯರಂತೆ ಆದರು. “ಇಲ್ಲಿ ನೆಲದ ಬಿರುಕಿನಿಂದ ಹೊಗೆ ಏಳುತ್ತಿತ್ತು ಎನ್ನುತ್ತಾರೆ” ಎಂದರು ಎಲೆನಿ.

“ಯಾರು?” ಎಂದೆ.

“ಹಿಂದಿನವರು.”

“ಕಣ್ಣಾರೆ ಕಂಡವರೇ?”

“ಕೆಲವರು ಕಂಡವರು, ಕೆಲವರು ಕೇಳಿದವರು.”

“ಬಿರುಕು ಈಗ ಎಲ್ಲಿದೆ?”

ಎಲೆನಿ ಟೊಪ್ಪಿ ತೆಗೆದು ಗಾಳಿ ಹಾಕಿಕೊಂಡರು. “ಸರ್, ನಿಮಗೆ ಖಚಿತವಾದದ್ದಷ್ಟೇ ಬೇಕೇ?”

“ಆದರೆ ಒಳ್ಳೆಯದು” ಎಂದೆ. ಅಲ್ಲಿಂದ ಮುಂದೆ ಅವರು ಖಚಿತವಾದದ್ದನ್ನಷ್ಟೇ ಹೇಳಿದರು. “ಇದು ಕಲ್ಲು.” ಹತ್ತು ಹೆಜ್ಜೆ ನಡೆದು, “ಇದೂ ಕಲ್ಲು.” ಮತ್ತೆ ಕಂಬಗಳ ಕಡೆ ತಿರುಗಿ, “ಅವು ಆರು. ಎಣಿಸಿಕೊಳ್ಳಬಹುದು.” ಎಣಿಸಿದೆ. ಆರೇ ಇದ್ದವು.

ಎಣಿಸಿ ತಿರುಗಿದರೆ ವಸಂತಿ ಇಲ್ಲ. ಇಪ್ಪತ್ತು ಹೆಜ್ಜೆ ಆಚೆ, ಬಸ್ಸಿನಲ್ಲಿ ಬಂದ ದೊಡ್ಡ ಗುಂಪೊಂದಕ್ಕೆ ಬೆನ್ನು ಮಾಡಿ ನಿಂತಿದ್ದಳು. ಆ ಗುಂಪಿನ ಗೈಡ್ ಕೊಡೆ ಎತ್ತಿ ಹಿಡಿದು ಏನೋ ಹೇಳುತ್ತಿದ್ದ. ಈಕೆ ಎದುರಿನ ಬೆಟ್ಟವನ್ನು ಕೊಳ್ಳುವವಳಂತೆ ನೋಡುತ್ತಿದ್ದಳು. ಅದೇ ಬೇಲೂರಿನ ಭಂಗಿ.

“ಅವರೇನು ನೋಡುತ್ತಿದ್ದಾರೆ?” ಎಂದು ಎಲೆನಿ ಕೇಳಿದರು.

“ಬೆಟ್ಟ” ಎಂದೆ. ಕಣ್ಣುಗಳ ಮಟ್ಟಿಗೆ ಅದು ನಿಜ.

ಗುಂಪು ಹೊರಟಿತು. ವಸಂತಿ ವಾಪಸ್ ಬಂದಳು. “ಏನಂತೆ?” ಎಂದೆ.

“ಒಬ್ಳು ವಿಧವೆ. ಹಡಗಲ್ಲಿ ಹೋದ ಮಗ ಬದುಕಿದಾನಾ ಅಂತ ಕೇಳಕ್ಕೆ ಅಷ್ಟು ದೂರದಿಂದ ನಡ್ಕೊಂಡು ಬಂದ್ಳಂತೆ. ಮೊದಲು ಮೇಕೆ ಮೇಲೆ ತಣ್ಣೀರು ಹಾಕ್ತಾರಂತೆ. ಅದು ನಡುಗಿದ್ರೆ ಮಾತ್ರ ಪ್ರಶ್ನೆ ಕೇಳೋಕೆ ಬಿಡೋದು. ಮೊದಲ್ನೇ ದಿನ ನಡುಗ್ಲಿಲ್ಲ. ಎರಡ್ನೇ ದಿನಾನೂ ನಡುಗ್ಲಿಲ್ಲ. ಮೂರ್ನೇ ದಿನ...”

“ಮೂರನೇ ದಿನ?”

“ಅವರು ಮ್ಯೂಸಿಯಮ್ಮಿಗೆ ಹೋದ್ರು.”

ನಾನೇ ಹೋಗಿ ಎಲೆನಿಯನ್ನು ಕೇಳಿದೆ. “ಮೇಕೆಗೆ ನೀರು ಹಾಕುತ್ತಿದ್ದರೆಂದು ಹಳೆಯ ಬರಹದಲ್ಲಿದೆ” ಎಂದರು. “ವಿಧವೆ ಖಚಿತವಲ್ಲ.”

ಅಥೆನ್ಸಿಗೆ ಹಿಂತಿರುಗುವ ಕಾರಿನಲ್ಲಿ ವಸಂತಿ ಒಂದೇ ಮಾತು ಆಡಿದಳು. “ನಮ್ಮದೇ ಗೈಡ್ ಇಟ್ಕೊಂಡು, ಪಕ್ಕದವರ ಅರ್ಧ ಕತೆ.” ಪಾರ್ಸಿಪನಿಗೆ ಬಂದ ಮೇಲೆ ನಾನು ಮೂರು ಶನಿವಾರ ಲೈಬ್ರರಿಯಲ್ಲಿ ಕೂತೆ. ಮೇಕೆ ಸಿಕ್ಕಿತು, ತಣ್ಣೀರು ಸಿಕ್ಕಿತು. ವಿಧವೆ ಎಲ್ಲೂ ಸಿಗಲಿಲ್ಲ.

ಆಗಸ್ಟಿನ ಕೊನೆಯ ಭಾನುವಾರ ಹತ್ತಿರದ ಬಾಸ್ಕಿಂಗ್ ರಿಡ್ಜಿನಲ್ಲಿರುವ ವಸಂತಿಯ ಗೆಳತಿ ಗಿರಿಜಾ ಮಧ್ಯಾಹ್ನದ ಊಟಕ್ಕೆ ಕರೆದಿದ್ದರು. “ಗ್ರೀಸ್ ಹೇಗಿತ್ತು ವಸಂತಿ? ಪ್ರೈವೇಟ್ ಗೈಡ್ ಅಂತೆ!” ಎಂದರು. ವಸಂತಿ ವಿಧವೆಯ ಕತೆ ಶುರು ಮಾಡಿದಳು. ಚೆನ್ನಾಗಿಯೇ ಹೇಳಿದಳು. ಎರಡನೆಯ ದಿನಕ್ಕೆ ಬರುವಾಗ ಯಾರೂ ಊಟ ಮಾಡುತ್ತಿರಲಿಲ್ಲ.

“ಮೂರನೇ ದಿನ?” ಎಂದರು ಗಿರಿಜಾ.

ವಸಂತಿ ನೀರಿನ ಲೋಟ ಎತ್ತಿಕೊಂಡಳು. ಅಷ್ಟು ಹೊತ್ತು ನೀರು ಕುಡಿಯುವುದನ್ನು ನಾನು ನೋಡಿರಲಿಲ್ಲ.

“ಮೂರನೇ ದಿನವೂ ಮೇಕೆ ನಡುಗಲಿಲ್ಲ” ಎಂದೆ. “ಬೆಳಗಿಂದ ಕಾದು ನಿಂತಿದ್ದ ಆ ತಾಯಿಯೇ ನಡುಗಿಬಿಟ್ಟಳು. ಪೂಜಾರಿ ನೋಡಿ, ಇಷ್ಟು ಸಾಕು, ಹೋಗಿ ಕೇಳು ಅಂದ.”

ಗಿರಿಜಾ ಕಣ್ಣೊರೆಸಿಕೊಂಡರು. ಲಾ ಓದುತ್ತಿರುವ ಅವರ ಮಗಳು ಅನಿಕಾ ಮಾತ್ರ ತಟ್ಟೆಯಿಂದ ತಲೆ ಎತ್ತಿ, “ಇದನ್ನ ಯಾರು ಹೇಳಿದ್ದು ಅಂಕಲ್?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ನಮ್ಮ ಗೈಡ್” ಎಂದೆ.

ವಸಂತಿ ನನ್ನ ಮುಖ ನೋಡಲಿಲ್ಲ. ತಾನು ಹಾಕಿಕೊಂಡಿದ್ದ ಹೋಳಿಗೆಯನ್ನು ನನ್ನ ತಟ್ಟೆಗೆ ದಾಟಿಸಿದಳು. ವಾಪಸ್ ಡ್ರೈವ್ ಮಾಡುವಾಗ ಹೈವೇ ಸೇರಿದ ಮೇಲೆ, “ರೀ, ಆ ಮಗ ಬದುಕಿದ್ನಾ?” ಎಂದು ಕೇಳಿದಳು.

“ಬದುಕಿದ್ದ. ಅವಳು ಊರು ಮುಟ್ಟುವಷ್ಟರಲ್ಲಿ ಮನೆ ಬಾಗಿಲಲ್ಲಿ ಕೂತಿದ್ದ” ಎಂದೆ.

ಯಾರು ಹೇಳಿದ್ದು ಎಂದು ಆಕೆ ಕೇಳಲಿಲ್ಲ. ತಿದ್ದುಪಡಿ ಈವರೆಗೆ ಪ್ರಕಟವಾಗಿಲ್ಲ.