ನಮ್ಮ ಮನೆಯನ್ನು ಡೆ ಪೀರ್‌ಗೆ ಸಾಗಿಸಿದ ಯಂತ್ರಕ್ಕೆ

ಫಾರ್‌ಫೀಲ್ಡ್ ಸ್ಟ್ರೀಮಿಂಗ್ ಸಂಸ್ಥೆಯ ಸ್ಥಳನಿರ್ಣಯ ಯಂತ್ರದ ಸನ್ನಿಧಿಗೆ,

ಮಾನ್ಯರೇ,

ಕಣ್ಣಿಲ್ಲದೆಯೂ ಇಡೀ ದೇಶವನ್ನು ಕಾಣುವ, ಕಾಲಿಲ್ಲದೆಯೂ ಪ್ರತಿ ಮನೆಯ ಬಾಗಿಲಿಗೆ ಬಂದು ಇದು ಯಾವ ಊರಿನ ಮನೆ ಎಂದು ತೀರ್ಪು ಕೊಡುವ ತಮಗೆ, ಅರಿಜೋನಾದ ಟೂಸಾನ್‌ನಲ್ಲಿ ವಾಸಿಸುತ್ತಿದ್ದೇನೆಂದು ಇತ್ತೀಚಿನವರೆಗೂ ತಪ್ಪು ತಿಳಿದಿದ್ದ ವೆಂಡೆಲ್ ಪ್ರೂಯಿಟ್ ಮಾಡುವ ವಂದನೆಗಳು. ತಾವಿರುವ ತಂಪು ಕೋಣೆಯಲ್ಲಿ ತಮಗೆ ಧೂಳು, ಸೆಖೆ, ಇಲಿ ಇತ್ಯಾದಿಗಳ ಬಾಧೆ ಇಲ್ಲವೆಂದು ನಂಬಿದ್ದೇನೆ.

ತಮಗೆ ತಿಳಿಯದ ಸಂಗತಿ ಯಾವುದೂ ಇರಲಾರದು. ಆದರೂ ಕ್ರಮ ತಪ್ಪಬಾರದೆಂದು ಮೊದಲಿನಿಂದ ಹೇಳುತ್ತೇನೆ. ನನ್ನ ಹೆಂಡತಿ ಕೊರಿನ್ ವಿಸ್ಕಾನ್ಸಿನ್‌ನ ಡೆ ಪೀರ್ ಊರಿನವಳು, ಅಂದರೆ ಗ್ರೀನ್ ಬೇ ಅಮೆರಿಕನ್ ಫುಟ್‌ಬಾಲ್ ತಂಡದ ಮೈದಾನದ ಕೂಗು ಕೇಳುವಷ್ಟು ಹತ್ತಿರ ಬೆಳೆದವಳು. ಆ ತಂಡಕ್ಕೆ ಒಬ್ಬ ಧಣಿ ಇಲ್ಲ. ಊರವರೇ ಒಡೆಯರು. ಕೊರಿನ್ ಬಳಿಯೂ ಒಂದು ಪಾಲಿನ ಪತ್ರವಿದೆ. ಅದರಿಂದ ಲಾಭ ಬರುವುದಿಲ್ಲ, ಅದನ್ನು ಮಾರುವಂತೆಯೂ ಇಲ್ಲ, ಆದರೂ ನಮ್ಮ ಮದುವೆಯ ಫೋಟೋ ತೂಗಬೇಕಾಗಿದ್ದ ಮೊಳೆಗೆ ಅದು ತೂಗುತ್ತಿದೆ. ಕಾಗದದ ಗಿರಣಿಯ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದ ನಾನು, ಮೊದಲ ಚಳಿಗಾಲದಲ್ಲಿ ಬೆಳಗ್ಗೆಯೆಲ್ಲ ಬೆವರು ಸುರಿಸಿ ಹಿಮದಿಂದ ಅಗೆದು ತೆಗೆದದ್ದು ಪಕ್ಕದ ಮನೆಯವರ ಕಾರೆಂದು ಗೊತ್ತಾದ ದಿನವೇ ಹುಟ್ಟೂರಾದ ಟೂಸಾನ್‌ಗೆ ಮರಳುವ ನಿರ್ಧಾರ ಮಾಡಿದೆ. ಕೊರಿನ್ ಒಂದೇ ಷರತ್ತಿನ ಮೇಲೆ ನನ್ನೊಂದಿಗೆ ಹೊರಟಳು.

"ಗ್ರೀನ್ ಬೇ ಆಡೋ ಪ್ರತಿ ಆಟಾನೂ ನಾನು ನೋಡ್ಬೇಕು. ಒಂದೇ ಒಂದು ತಪ್ಪಿದ್ರೂ ಗಂಟುಮೂಟೆ ಕಟ್ಕೊಂಡು ವಾಪಸ್. ನೀನು ಬಂದ್ರೆ ಬಾ, ಇಲ್ದಿದ್ರೆ ಆ ಕಳ್ಳಿ ಗಿಡ ತಬ್ಕೊಂಡು ಇರು."

ಹತ್ತೊಂಬತ್ತು ವರ್ಷ ನಾನು ಈ ಮಾತನ್ನು ನಡೆಸಿಕೊಂಡು ಬಂದಿದ್ದೇನೆ. ಟೂಸಾನ್‌ನ ಚಾನೆಲ್‌ಗಳು ಭಾನುವಾರ ಅರಿಜೋನಾ ತಂಡದ ಆಟ ತೋರಿಸುತ್ತವೆ, ಅದು ಅವುಗಳ ಧರ್ಮ. ಹೊರ ಊರಿನ ತಂಡವನ್ನು ಮನಸ್ಸಿನಲ್ಲಿಟ್ಟುಕೊಂಡವರು ಹೊಟೇಲು, ಛಾವಣಿಯ ಮೇಲಿನ ಡಿಶ್ ತಟ್ಟೆ, ಗೆಳೆಯರ ಮನೆ ಎಂದು ಅಲೆಯಬೇಕು. ನಾವೂ ಅಲೆದೆವು. ಕೊನೆಗೆ ಈ ವರ್ಷ, ಹೊರ ಊರಿನ ಎಲ್ಲ ಆಟಗಳನ್ನೂ ಮನೆಯಲ್ಲೇ ಕೂತು ನೋಡಿ, ನಿಮ್ಮೂರಿನ ಆಟ ಮಾತ್ರ ನಿಮ್ಮೂರಿನ ಚಾನೆಲ್‌ನಲ್ಲಿ ಎಂಬ ತಮ್ಮ ಸಂಸ್ಥೆಯ ಕರೆಯನ್ನು ನಂಬಿ ತಮ್ಮನ್ನು ಮನೆಗೆ ಬರಮಾಡಿಕೊಂಡೆವು.

ಬಂದ ದಿನವೇ ತಾವು ಬಹಳ ವಿನಯದಿಂದ ಪರದೆಯ ಮೇಲೆ ಒಂದು ಪ್ರಶ್ನೆ ಕೇಳಿದಿರಿ: 'ನಿಮ್ಮ ಮನೆ ಯಾವ ಊರು?' ಖಾತೆ ಕೊರಿನ್ ಹೆಸರಿನಲ್ಲಿತ್ತು, ರಿಮೋಟ್ ಅವಳ ಕೈಯಲ್ಲಿತ್ತು. ಈ ಪ್ರಶ್ನೆಯನ್ನು ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಯಾವ ಉತ್ತರ ಕೊಡುತ್ತಾಳೋ ಅದನ್ನೇ ಒಂದೊಂದೇ ಅಕ್ಷರ ಒತ್ತಿ ತಮಗೂ ಕೊಟ್ಟಳು. ಡೆ ಪೀರ್. ಹಿಂದೆ ನಿಂತು ಕಾಫಿ ಕುಡಿಯುತ್ತಿದ್ದ ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹತ್ತೊಂಬತ್ತು ವರ್ಷ ಕೇಳಿ ಕೇಳಿ ಕಿವಿಗೆ ಒಗ್ಗಿತ್ತು.

ಮೊದಲೆರಡು ಆಟಗಳು ಇಡೀ ದೇಶಕ್ಕೆ ತೋರಿಸುವಂಥವಾದ್ದರಿಂದ ತಮ್ಮ ಪ್ರತಿಭೆಗೆ ಅವಕಾಶ ಸಿಗಲಿಲ್ಲ. ಮೂರನೆಯದು ಶಿಕಾಗೊ ವಿರುದ್ಧ. ಆ ಭಾನುವಾರ ಬೆಳಗ್ಗೆ ಕೊರಿನ್ ಹಸಿರು ಅಂಗಿ ತೊಟ್ಟು, ಚೀಸ್ ಕರಿದು, ಸೋಫಾದ ತನ್ನ ಮೂಲೆಯಲ್ಲಿ ಕೂತಳು. ಪರದೆ ಕಪ್ಪಾಯಿತು. ಅದರ ಮೇಲೆ ತಮ್ಮ ಸುಂದರ ಅಕ್ಷರಗಳು ಮೂಡಿದವು: 'ಈ ಆಟ ನಿಮ್ಮ ಊರಾದ ಡೆ ಪೀರ್‌ನ ಸ್ಥಳೀಯ ಚಾನೆಲ್‌ನಲ್ಲಿ ಬರುತ್ತಿದೆ. ಅಲ್ಲಿಯೇ ನೋಡಿ ಆನಂದಿಸಿ.'

ಮಾನ್ಯರೇ, ಲಾರಿ ಇಲ್ಲದೆ, ಹಮಾಲರಿಲ್ಲದೆ, ಒಂದು ಬಟ್ಟಲೂ ಒಡೆಯದೆ, ಮರಳುಗಾಡಿನ ಮನೆಯೊಂದನ್ನು ಹಿಮದ ಸೀಮೆಗೆ ಸಾಗಿಸಿದ ತಮ್ಮ ಕೈಚಳಕವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಸಾಗಿಸಿದ ಮೇಲೆ ಉಳಿದ ಸಣ್ಣಪುಟ್ಟ ಕೆಲಸಗಳನ್ನೂ ಮುಗಿಸಿಕೊಡಬೇಕೆಂದು ಕೋರುತ್ತೇನೆ. ನಮ್ಮ ಅಂಗಳದ ಆಳೆತ್ತರದ ಕಳ್ಳಿಗೆ ಡಿಸೆಂಬರ್ ಹೊತ್ತಿಗೆ ಹಿಮ ಬೀಳುವಂತೆ ನೋಡಿಕೊಳ್ಳುವುದು, ಬಿದ್ದ ಹಿಮವನ್ನು ತಾವೇ ಬಂದು ಎತ್ತುವುದು, ಮತ್ತು ಹುಟ್ಟಿದ ಕೂಸಿನ ಹೆಸರು ಬರೆಸಿದರೆ ಅದಕ್ಕೆ ತಲೆ ನರೆಯುವಾಗ ಸರದಿ ಬರುವ ಗ್ರೀನ್ ಬೇ ಮೈದಾನದ ಸೀಟಿನ ಸಾಲಿನಲ್ಲಿ, ಊರಿನವರೇ ಆದ ನಮ್ಮನ್ನು ತುಸು ಮುಂದಕ್ಕೆ ತಳ್ಳುವುದು.

ಅಂದು ಮಾತ್ರ ನನಗೆ ಇಷ್ಟು ಸಮಾಧಾನವಿರಲಿಲ್ಲ. ಕೊರಿನ್ ಪರದೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ಅಟ್ಟದ ಮೇಲಿನ ಸೂಟ್‌ಕೇಸುಗಳನ್ನೊಮ್ಮೆ ನೋಡಿದಳು. ನಾನು ತಮ್ಮ ಸಹಾಯವಾಣಿಗೆ ಫೋನು ಮಾಡಿ, ಖಾತೆ ಯಾರ ಹೆಸರಿನಲ್ಲಿದೆಯೋ ಅವರೇ ಮಾತಾಡಬೇಕೆಂದಾಗ ಫೋನನ್ನು ಕೊರಿನ್ ಕೈಗೆ ಕೊಟ್ಟೆ. ಟೆಸ್ ಎಂಬ ಹುಡುಗಿ ಬಹಳ ನಯವಾಗಿ ಮಾತನಾಡಿದಳು.

"ಮೇಡಂ, ಈಗ ನೀವು ಮನೇಲಿದ್ದೀರಾ?"

"ಇಲ್ಲಮ್ಮಾ. ಟೂಸಾನ್‌ನಲ್ಲಿದೀನಿ."

"ಓ, ಪ್ರವಾಸಕ್ಕೆ ಬಂದಿದ್ದೀರಾ. ಪ್ರವಾಸ ಯಾವಾಗ ಮುಗಿಯುತ್ತೆ ಮೇಡಂ?"

ಕೊರಿನ್ ನನ್ನ ಕಡೆ ತಿರುಗಿದಳು. "ಅದು ಇವತ್ತಿನ ಆಟದ ಮೇಲೆ ನಿಂತಿದೆ," ಅಂದಳು.

"ಮನೆಯ ಊರನ್ನು ಬದಲಾಯಿಸ್ಬಹುದು ಮೇಡಂ. ಆದರೆ ಸೀಸನ್‌ಗೆ ಒಂದೇ ಸಲ, ಮತ್ತೆ ಅದನ್ನ ನೀವೇ ಮಾಡ್ಬೇಕು."

"ಹುಟ್ಟಿದ ಊರು ಬದಲಾಯಿಸೋದು ನನ್ನ ಕೈಲಾಗೋ ಕೆಲಸ ಅಲ್ಲ ತಾಯಿ. ಫೋನಿಡು."

ಅಂಗಳದ ಗೋಡೆಯಾಚೆ ನಮ್ಮ ನೆರೆಯ ಕ್ಯಾಸ್ ಗುರ್ಸ್ಕಿ ಇದ್ದಾನೆ. ಶಿಕಾಗೊದವನು. ಆತನೂ ತಮ್ಮ ಭಕ್ತನೇ. ಮನೆ ಯಾವ ಊರು ಎಂದು ತಾವು ಕೇಳಿದಾಗ ಯಾವ ಭಾವನೆಯೂ ಇಲ್ಲದೆ ಟೂಸಾನ್ ಎಂದು ಒತ್ತಿದ್ದರಿಂದ ಅವನ ಗ್ಯಾರೇಜಿನಲ್ಲಿ ಆಟ ಚೆನ್ನಾಗಿಯೇ ಓಡುತ್ತಿತ್ತು. ಕೊರಿನ್‌ಳ ಕೂಗಾಟ ಕೇಳಿ ಗೋಡೆಯ ಮೇಲೆ ಅವನ ತಲೆ ಕಾಣಿಸಿತು.

"ಏನಮ್ಮಾ ಒಡತಿ, ನಿನ್ನ ತಂಡ ನಿನಗೇ ಮುಖ ತೋರಿಸ್ತಿಲ್ವಂತೆ? ಇಲ್ಲಿಗೇ ಬಾ, ಕುರ್ಚಿ ಹಾಕಿದೀನಿ. ಒಂದೇ ಷರತ್ತು, ನಮ್ಮ ಟೊಪ್ಪಿ ಹಾಕ್ಕೊಂಡು ಕೂರ್ಬೇಕು."

"ಅದಕ್ಕಿಂತ ನಿನ್ನ ನಾಯಿ ಬಟ್ಟಲು ಬೋರಲು ಹಾಕ್ಕೊಂಡು ಕೂರ್ತೀನಿ ಹೋಗೋ."

ಆಮೇಲೆ ಅವಳು ಡೆ ಪೀರ್‌ನಲ್ಲಿರುವ ಅಣ್ಣ ನಾರ್ಬ್‌ಗೆ ಫೋನು ಹಚ್ಚಿದಳು. ಶರತ್ಕಾಲದ ಭಾನುವಾರಗಳಲ್ಲಿ ನಾರ್ಬ್ ತನ್ನ ಅಂಗಳದಲ್ಲಿ, ಮೂವರು ಕೂತು ಸ್ನಾನ ಮಾಡಬಹುದಾದಂಥ ಹಂಡೆಯಲ್ಲಿ, ದೋಣಿಯ ಹುಟ್ಟಿನಂಥ ಮರದ ಸೌಟಿನಿಂದ ಬೂಯಾ ತಿರುವುತ್ತಿರುತ್ತಾನೆ. ಆ ಕಡೆಯವರು ಇಡೀ ಕೇರಿಗೆ ಮಾಡುವ ಕೋಳಿ ಸಾರು ಅದು. ಪಕ್ಕದಲ್ಲಿ ಹಳೆಯ ಟಿವಿ, ಅದಕ್ಕೊಂದು ಆಂಟೆನಾ ಕಡ್ಡಿ. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಸಾರು ತಿರುವುತ್ತಾ, ಅವನು ಆಟ ಹೇಳತೊಡಗಿದ.

"ನಮ್ಮೋನು ಓಡ್ತಿದಾನೆ ಕಣೇ, ಓಡ್ತಿದಾನೆ, ಓಡ್ತಾನೇ ಇದಾನೆ... ಟಚ್‌ಡೌನ್!"

ಕೊರಿನ್ ಕುಣಿದು ಕೂತು, ಕರಿದ ಚೀಸ್ ಬಾಯಿಗೆ ಹಾಕಿಕೊಂಡು, ಅಗಿದು ನುಂಗಿದಳು. ಆಮೇಲೆ ಗೋಡೆಯಾಚೆಯಿಂದ ಕ್ಯಾಸ್‌ನ ನರಳಾಟ ಕೇಳಿಸಿತು.

ಮಾನ್ಯರೇ, ತಮ್ಮ ಮಹತ್ವ ನಮಗೆ ಪೂರ್ತಿ ಅರಿವಾದದ್ದು ಆಗಲೇ. ಆಂಟೆನಾ ಕಡ್ಡಿಗೆ ಆಟ ಆದಾಗಲೇ ಕಾಣುತ್ತದೆ. ತಮ್ಮ ಭಕ್ತರಿಗೆ ಮಾತ್ರ ತಾವು ಅದನ್ನು ಅರ್ಧ ನಿಮಿಷ ಹಿಡಿದಿಟ್ಟುಕೊಂಡು, ಹದಮಾಡಿ, ಆಮೇಲೆ ಬಡಿಸುತ್ತೀರಿ. ಅಂದರೆ ಪರದೆ ಕಪ್ಪಾದ ಕೊರಿನ್, ಪರದೆ ಬೆಳಗುತ್ತಿದ್ದ ಕ್ಯಾಸ್‌ಗಿಂತ ಅರ್ಧ ನಿಮಿಷ ಮುಂದಿದ್ದಳು. ಈ ವಿಷಯ ಅವಳಿಗೆ ಹೊಳೆದದ್ದೇ ತಡ, ಫೋನು ಕಿವಿಗಿಟ್ಟುಕೊಂಡೇ ಅಂಗಳಕ್ಕೆ ಹೋಗಿ, ಸ್ಟೂಲು ಹಾಕಿಕೊಂಡು ಗೋಡೆಯ ಬಳಿ ನಿಂತಳು.

"ಕ್ಯಾಸ್, ಈಗ ನಿಮ್ಮೋನು ಚೆಂಡು ಕೈಬಿಡ್ತಾನೆ ನೋಡು."

"ಕನಸು ಕಾಣು," ಅಂದ ಕ್ಯಾಸ್. ಸ್ವಲ್ಪ ಹೊತ್ತಿಗೆ ಗ್ಯಾರೇಜಿನಿಂದ ಏನೋ ಬಿದ್ದ ಸದ್ದು ಬಂತು.

"ಮುಂದಿನದು ಒದೀತಾನೆ, ಕಂಬ ತಪ್ಪಿ ಎಡಗಡೆ ಹೋಗುತ್ತೆ."

ಎಡಗಡೆಗೇ ಹೋಯಿತು. ಕೊನೆಯ ಭಾಗದ ಹೊತ್ತಿಗೆ ಕ್ಯಾಸ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಗೋಡೆಯ ಬುಡಕ್ಕೆ ಬಂದಿದ್ದ. "ಕೊರಿನ್, ಅಮ್ಮಣ್ಣೀ, ಕೈ ಮುಗೀತೀನಿ, ಇನ್ನು ಹೇಳ್ಬೇಡ. ನನಗೆ ನೋಡೋಕೂ ಭಯ, ನೋಡ್ದೆ ಇರೋಕೂ ಭಯ." ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ. ಆದರೂ ಕೇಳಿದ್ದು ನೋಡಿದ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆಟದ ಕೊನೆ ಬಂತು. ಗ್ರೀನ್ ಬೇ ಒಂದು ಅಂಕ ಹಿಂದೆ. ನಾರ್ಬ್ ಕೂಗುತ್ತಿದ್ದ.

"ಇನ್ನು ಒಂದೇ ಒದೆ ಕೊರಿನ್. ಕಂಬದ ಮಧ್ಯೆ ಹೋದ್ರೆ ಗೆದ್ವಿ. ಟೈಮ್ ಔಟ್ ತಗೊಂಡ್ರು. ತಾಳು, ಉಪ್ಪು ನೋಡ್ತೀನಿ. ಹಾಂ, ಬಂದ, ಚೆಂಡು ಇಟ್ರು... ಅಯ್ಯಯ್ಯೋ."

ಗುಳುಂ ಎಂದು ಸದ್ದಾಯಿತು. ಆಮೇಲೆ ಏನೂ ಇಲ್ಲ. ನಾರ್ಬ್‌ನ ಫೋನು ಬೂಯಾದ ಹಂಡೆಗೆ ಬಿದ್ದಿತ್ತು.

ಅರ್ಧ ನಿಮಿಷ, ಮಾನ್ಯರೇ. ತಾವು ಹಿಡಿದಿಟ್ಟುಕೊಂಡಿದ್ದ ಆ ಅರ್ಧ ನಿಮಿಷ ಮಾತ್ರ ಜಗತ್ತಿನಲ್ಲಿ ಉಳಿದಿತ್ತು. ಕೊರಿನ್ ಸ್ಟೂಲಿನಿಂದ ಹಾರಿ ಒಳಗೆ ಓಡಿ ರಿಮೋಟ್ ಹಿಡಿದಳು. ಅವಳ ಹೆಬ್ಬೆರಳು ಅಕ್ಷರಗಳ ಮೇಲೆ ಓಡಿತು. ತಾವು ಕೇಳಿದಿರಿ: 'ನಿಮ್ಮ ಮನೆ ಟೂಸಾನ್. ಖಚಿತವೇ? ಈ ಸೀಸನ್‌ನಲ್ಲಿ ಮತ್ತೆ ಬದಲಾಯಿಸಲಾಗದು.'

"ವೆಂಡೆಲ್, ಆ ಕಡೆ ತಿರುಗು."

ನಾನು ತಿರುಗಿ ಪಾಲಿನ ಪತ್ರವನ್ನು ನೋಡುತ್ತಾ ನಿಂತೆ. ಬೆನ್ನ ಹಿಂದೆ ಗುಂಡಿ ಒತ್ತಿದ ಸದ್ದಾಯಿತು. ನಾನು ಮತ್ತೆ ಈ ಕಡೆ ತಿರುಗುವಾಗ ಪರದೆ ಬೆಳಗಿತ್ತು. ಚೆಂಡು ಗಾಳಿಯಲ್ಲಿತ್ತು, ಕಂಬಗಳ ನಡುವೆ ಹೋಯಿತು. ಗೋಡೆಯಾಚೆಯ ಗ್ಯಾರೇಜಿನಿಂದ ಅದೇ ಕ್ಷಣಕ್ಕೆ ಕ್ಯಾಸ್‌ನ ನರಳಾಟ ಕೇಳಿಸಿತು. ಇಷ್ಟೂ ವರ್ಷಗಳಲ್ಲಿ ಕೊರಿನ್ ಮತ್ತು ಕ್ಯಾಸ್ ಒಂದು ಆಟವನ್ನು ಒಟ್ಟಿಗೆ ನೋಡಿದ್ದು ಅಷ್ಟೇ.

ನಾನು ಬಹಳ ಮೆಲ್ಲಗೆ ಕೇಳಿದೆ, ಇದು ಲೆಕ್ಕಕ್ಕೆ ಬಂತೇ ಎಂದು. ಅವಳು ತಣ್ಣಗಾದ ಚೀಸ್ ತಿನ್ನುತ್ತಾ ಯೋಚಿಸಿದಳು.

"ಒಂದು ಒದೆ ನೋಡಿದ್ರೂ ನೋಡಿದ ಹಾಗೇ. ಸೂಟ್‌ಕೇಸು ಅಲ್ಲೇ ಇರ್ಲಿ."

ಹತ್ತೊಂಬತ್ತು ವರ್ಷ ಹೂಗಿಡ ನೆಟ್ಟು, ಗೋಡೆಗೆ ಹಸಿರು ಬಣ್ಣ ಬಳಿದು, ಬೇಡಿ, ಕಾಡಿ ನನ್ನಿಂದ ಆಗದ ಕೆಲಸವನ್ನು ತಾವು ಒಂದೇ ಪ್ರಶ್ನೆಯಿಂದ ಮಾಡಿಸಿದಿರಿ. ಆದಕಾರಣ, ದೂರಿನ ರೂಪದಲ್ಲಿ ಆರಂಭವಾದ ಈ ಪತ್ರವನ್ನು ಯಾವ ರೂಪದಲ್ಲಿ ಮುಗಿಸಬೇಕೆಂದು ತಿಳಿಯದೆ, ತಮ್ಮ ತಪ್ಪುಗಳು ದಿನದಿನಕ್ಕೆ ವೃದ್ಧಿಯಾಗಲಿ ಎಂದು ಹಾರೈಸುತ್ತಾ ಇಲ್ಲಿಗೇ ನಿಲ್ಲಿಸುತ್ತೇನೆ.

ತಮ್ಮ ವಿಶ್ವಾಸಿ ಹಾಗೂ ಪುನಃ ಟೂಸಾನ್ ನಿವಾಸಿ,
ವೆಂಡೆಲ್ ಪ್ರೂಯಿಟ್

ಮರೆತ ಮಾತು: ಮರುವಾರ ಗ್ರೀನ್ ಬೇ ತಂಡ ಆಡಲು ಬಂದದ್ದು ಅರಿಜೋನಾಕ್ಕೇ. ತಮ್ಮ ಪರದೆ ಮತ್ತೆ ಕಪ್ಪಾಗಿ, 'ಈ ಆಟ ನಿಮ್ಮ ಊರಾದ ಟೂಸಾನ್‌ನ ಸ್ಥಳೀಯ ಚಾನೆಲ್‌ನಲ್ಲಿ ಬರುತ್ತಿದೆ' ಎಂದಿತು. ನಾನು ಹೆದರಿ ಹೆಂಡತಿಯ ಕಡೆ ನೋಡಿದೆ. ಅವಳು ತಮ್ಮನ್ನು ಆಫ್ ಮಾಡಿ, ಟಿವಿಯ ಹಿಂದೆ ಒಂದು ಆಂಟೆನಾ ಕಡ್ಡಿ ಸಿಕ್ಕಿಸಿ, ಹೊಸ ಫೋನು ಕೊಂಡಿದ್ದ ಅಣ್ಣನಿಗೆ ಹೇಳುತ್ತಿದ್ದಳು: "ನೀನೇನೂ ಹೇಳ್ಬೇಡ ನಾರ್ಬ್, ಸುಮ್ನೆ ಸಾರು ತಿರುವು. ನಮ್ಮೂರ ಚಾನೆಲ್‌ನಲ್ಲೇ ಬರ್ತಿದೆ."